ಸವಾಲಿಗೆ ಜವಾಬು

2024ರ ಸೆಪ್ಟೆಂಬರ್ 10ರ ರಾತ್ರಿ ಫಿಲಡೆಲ್ಫಿಯಾದ ನ್ಯಾಷನಲ್ ಕಾನ್‌ಸ್ಟಿಟ್ಯೂಷನ್ ಸೆಂಟರ್‌ನಲ್ಲಿ ಅಮೆರಿಕದ ಅಧ್ಯಕ್ಷೀಯ ಚರ್ಚೆ ನಡೆಯಿತು. ಮೊದಲ ಪ್ರಶ್ನೆ ತೀರ ಸರಳವಾಗಿತ್ತು. ನಾಲ್ಕು ವರ್ಷದ ಹಿಂದಿಗಿಂತ ಈಗ ಜನರ ಸ್ಥಿತಿ ಸುಧಾರಿಸಿದೆ ಎಂದು ನಂಬುತ್ತೀರಾ ಎಂದು ಎಬಿಸಿ ವಾಹಿನಿಯ ಡೇವಿಡ್ ಮ್ಯೂರ್ ಕಮಲಾ ಹ್ಯಾರಿಸ್ ಅವರನ್ನು ಕೇಳಿದರು. ಹೌದು ಎನ್ನಬಹುದಿತ್ತು, ಇಲ್ಲ ಎನ್ನಬಹುದಿತ್ತು, ಕೆಲವರದು ಸುಧಾರಿಸಿದೆ, ಉಳಿದವರದು ಇನ್ನೂ ಆಗಬೇಕು ಎಂದರೂ ನಡೆಯುತ್ತಿತ್ತು. ಅವರು ತಾವು ಮಧ್ಯಮ ವರ್ಗದ ಮನೆಯಲ್ಲಿ ಬೆಳೆದದ್ದನ್ನು ಹೇಳಿ, ಮುಂದಿನ ಯೋಜನೆಗಳ ಕಡೆ ಹೊರಳಿಬಿಟ್ಟರು. ಡೊನಾಲ್ಡ್ ಟ್ರಂಪ್ ಅವರದೂ ಅದೇ ದಾರಿ. ಗರ್ಭಪಾತವನ್ನು ದೇಶದಾದ್ಯಂತ ನಿಷೇಧಿಸುವ ಮಸೂದೆ ಬಂದರೆ ವೀಟೋ ಮಾಡುತ್ತೀರಾ ಎಂದು ಕೇಳಿದರೆ, ಆ ಪ್ರಸಂಗವೇ ಬರುವುದಿಲ್ಲ ಎಂದರು. ಉಕ್ರೇನ್ ಗೆಲ್ಲಬೇಕೆಂಬ ಬಯಕೆ ಇದೆಯೇ ಎಂದು ಕೇಳಿದರೆ, ಯುದ್ಧ ನಿಲ್ಲಬೇಕು ಎಂದರು.

ನಾನು ಪೆನ್ಸಿಲ್ವೇನಿಯಾದ ಮತದಾರ. ನೋಂದಣಿ ಅರ್ಜಿಯ ಪಕ್ಷದ ಕಾಲಮ್ಮಿನಲ್ಲಿ ಯಾವ ಪಕ್ಷಕ್ಕೂ ಸೇರಿದವನಲ್ಲ ಎಂದು ಗುರುತು ಹಾಕಿದವನು. ಇದಕ್ಕೆ ಇಲ್ಲಿ ಬೆಲೆ ತೆರಬೇಕಾಗುತ್ತದೆ. ಅಭ್ಯರ್ಥಿಗಳನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಈ ರಾಜ್ಯದಲ್ಲಿ ಪಕ್ಷದಲ್ಲಿ ನೋಂದಾಯಿಸಿಕೊಂಡವರಿಗಷ್ಟೇ ಮತವಿದೆ. ಊಟಕ್ಕೆ ಯಾರನ್ನು ಕೂರಿಸಬೇಕೆಂದು ಬೇರೆಯವರು ತೀರ್ಮಾನಿಸಿ ಆದ ಮೇಲೆ ನವೆಂಬರಿನಲ್ಲಿ ನನ್ನನ್ನು ಕರೆಯುತ್ತಾರೆ. ಹಾಗಾಗಿ ಟಿವಿಯ ಚರ್ಚೆ ನನ್ನಂಥವರಿಗೇ ಹೆಚ್ಚು ಮುಖ್ಯ. ಪಕ್ಷದವರು ಆಗಲೇ ನಿರ್ಧರಿಸಿಬಿಟ್ಟಿರುತ್ತಾರೆ. ಅವರು ತಮ್ಮವರಿಗೆ ಚಪ್ಪಾಳೆ ತಟ್ಟಲು ಕೂರುತ್ತಾರೆ. ಕೇಳಿ ನಿರ್ಧರಿಸಲು ಕೂರುವವರು ನಾವು.

ಪಕ್ಷ ಬೇಡವೆಂಬ ಹಟ ಅಮೆರಿಕದಲ್ಲಿ ಹುಟ್ಟಿದ್ದಲ್ಲ, ವಿಜಯಪುರ ಜಿಲ್ಲೆಯ ಬಬಲೇಶ್ವರದಲ್ಲಿ ಹುಟ್ಟಿದ್ದು. ನಮ್ಮ ಕಡೆ ಮತದಾರ ಸರಕಾರಿ ಕಾಗದದಲ್ಲಿ ಪಕ್ಷ ಬರೆಸುವ ಪದ್ಧತಿ ಇಲ್ಲ. ಆದರೆ ಊರಿಗೆ ಊರೇ ಬರೆದಿಟ್ಟುಕೊಂಡಿರುತ್ತದೆ. ಇದು ಇಂಥವರ ಮನಿ, ಅದು ಅಂಥವರ ಮನಿ ಎಂದು ಓಣಿಯ ಹುಡುಗರಿಗೂ ಗೊತ್ತು. ಚಹಾದಂಗಡಿಯ ಬಾಕಿನ ಮೇಲೆ ಯಾರ ಪಕ್ಕ ಕುಳಿತೆ ಎಂಬುದರಿಂದಲೇ ಲೆಕ್ಕ ಹಾಕುತ್ತಿದ್ದರು. ಮುಂದೆ ವಿಜಯಪುರಕ್ಕೆ ಓದಲು ಬಂದಾಗ ದರಬಾರ್ ಹೈಸ್ಕೂಲ್ ಮೈದಾನದ ಸಭೆಗಳಿಗೆ ಎಲ್ಲ ಪಕ್ಷದವರದ್ದಕ್ಕೂ ಹೋಗುತ್ತಿದ್ದೆ. ಭಾಷಣಗಳು ಚೆನ್ನಾಗಿರುತ್ತಿದ್ದವು. ಪ್ರಶ್ನೆ ಕೇಳಲು ಮಾತ್ರ ಯಾವ ಮೈದಾನದಲ್ಲೂ ಜಾಗವಿರಲಿಲ್ಲ.

ಫಿಲಡೆಲ್ಫಿಯಾದ ಆ ರಾತ್ರಿ ಒಂಬತ್ತು ಗಂಟೆ ಎಂದರೆ ಊರಲ್ಲಿ ಮರುದಿನ ಬೆಳಗಿನ ಆರೂವರೆ. ಚರ್ಚೆ ಮುಗಿದ ಕೂಡಲೇ ನಮ್ಮ ಕಾಕಾ ಫೋನ್ ಮಾಡಿದರು. ಅವರಿಗೆ ಇಂಗ್ಲಿಷ್ ಬಾರದು, ಆದರೆ ಜಗತ್ತಿನ ಯಾವ ಚುನಾವಣೆಯನ್ನೂ ಬಿಟ್ಟವರಲ್ಲ.

“ತಮ್ಮಾ, ಯಾರ ಗೆದ್ರು?”

“ಗೆದ್ದವರು ಯಾರಂತ ಟಿವ್ಯಾಗ ಹೇಳಾಕತ್ತಾರ ಕಾಕಾ. ಆದ್ರ ಕೇಳಿದ್ದಕ್ಕ ಇಬ್ರೂ ನೆಟ್ಟಗ ಉತ್ತರಾ ಕೊಡಲಿಲ್ಲ.”

“ಹಂಗಂದ್ರ ಸವಾಲಿಗೆ ಜವಾಬ ಬರಲಿಲ್ಲ ಅನ್ನು. ನಮ್ಮ ಗುಡಿ ಮುಂದ ಆಗಿದ್ರ ಮಂದಿ ಏಳಾಕ ಬಿಡತಿದ್ದಿಲ್ಲ.”

ಕಾಕಾ ಹೇಳಿದ್ದು ಹರದೇಶಿ–ನಾಗೇಶಿ ಹಾಡಿಕೆಯ ಮಾತು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ ಬೆಳೆದವರಿಗೆ ವಿವರಿಸಬೇಕಿಲ್ಲ. ಉಳಿದ ಓದುಗರಿಗಾಗಿ ಹೇಳುತ್ತೇನೆ. ಹರದೇಶಿಯವರು ಶಿವನ ಹಿರಿಮೆ, ಗಂಡಿನ ಹಿರಿಮೆ ಹಾಡುತ್ತಾರೆ. ನಾಗೇಶಿಯವರು ಶಕ್ತಿಯ ಪಕ್ಷ, ಹೆಣ್ಣಿನ ಪಕ್ಷ. ಜಾತ್ರೆಯ ರಾತ್ರಿ ಎರಡು ಮೇಳಗಳು ಎದುರುಬದುರು ನಿಂತು ಡಪ್ಪು, ತುಂತುಣಿ, ತಾಳದೊಂದಿಗೆ ಬೆಳಗಿನವರೆಗೆ ವಾದಿಸುತ್ತವೆ. ಒಂದು ಮೇಳ ಪುರಾಣದ ಒಂದು ಗಂಟನ್ನು ಸವಾಲಾಗಿ ಹಾಡುತ್ತದೆ. ಇನ್ನೊಂದು ಮೇಳ ಮೊದಲು ಅದನ್ನು ಬಿಡಿಸಬೇಕು, ಆಮೇಲೆ ತನ್ನ ಸವಾಲು ಎಸೆಯಬೇಕು. ಜವಾಬು ಬಾರದೆ ಬೇರೆ ಕಥೆಗೆ ಜಾರಿದರೆ, ಕಂಬಳಿ ಹೊದ್ದು ಕುಳಿತ ಹಿರಿಯರೇ ಕೂಗುತ್ತಿದ್ದರು: “ಅದಿರಲೆವ್ವಾ, ಕೇಳಿದ್ದಕ್ಕ ಮದಲ ಹೇಳು!” ಹಾಡುವವಳು ಕಿವಿಗೆ ಕೈ ಹಚ್ಚಿ, ಹಿಮ್ಮೇಳದವರು “ಗೀಯ ಗಾ” ಎಂದು ಎಳೆಯುವಷ್ಟು ಹೊತ್ತಿನಲ್ಲಿ ಯೋಚಿಸಿ, ಮರಳಿ ಅದೇ ಸವಾಲಿಗೆ ಬರುತ್ತಿದ್ದಳು. ಹರದೇಶಿ ಗೆದ್ದಿತೋ ನಾಗೇಶಿಯೋ ಎಂಬುದು ಬೆಳಗಾಗುವಷ್ಟರಲ್ಲಿ ಯಾರಿಗೂ ಮುಖ್ಯವಾಗಿರುತ್ತಿರಲಿಲ್ಲ. ಯಾವ ಸವಾಲು ಹರಿಯಿತು, ಯಾವುದು ಉಳಿಯಿತು ಎಂಬುದನ್ನೇ ಎತ್ತು ಹೂಡುವಾಗಲೂ ಮಾತಾಡುತ್ತಿದ್ದರು.

ಟಿವಿಯ ಚರ್ಚೆಗೆ ನಾನು ಹಚ್ಚುವ ಅಳತೆ ಇದೇ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ ಎಂದು ಕಾಗದದಲ್ಲಿ ಗೆರೆ ಎಳೆದು ಕುಳಿತರೆ ಚರ್ಚೆ ಬೇರೆಯಾಗಿಯೇ ಕಾಣುತ್ತದೆ. ನಗು, ಮುಖ ಗಂಟಿಕ್ಕಿದ್ದು, ತಲೆ ಅಲ್ಲಾಡಿಸಿದ್ದು, ಒಹಾಯೊದ ಸ್ಪ್ರಿಂಗ್‌ಫೀಲ್ಡಿನಲ್ಲಿ ವಲಸಿಗರು ಸಾಕುಪ್ರಾಣಿ ತಿನ್ನುತ್ತಿದ್ದಾರೆಂಬ ಟ್ರಂಪ್ ಅವರ ಆಧಾರವಿಲ್ಲದ ಮಾತು, ಇವೇ ಮರುದಿನವೆಲ್ಲ ತಿರುಗಿದವು. ವಲಸಿಗನಾದ ನನಗೆ ಆ ಮಾತು ನೋವು ತಂದಿತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ನನ್ನ ಕಾಗದದ ಬಲಗಡೆ ಖಾಲಿ ಉಳಿದ ಸಾಲುಗಳು ಎರಡೂ ಹೆಸರಿನ ಕೆಳಗಿದ್ದವು. ಆರೋಗ್ಯ ವಿಮೆಗೆ ನಿಮ್ಮ ಯೋಜನೆ ಏನೆಂದರೆ, ಯೋಜನೆಯ ಕಲ್ಪನೆಗಳಿವೆ ಎಂದರು ಒಬ್ಬರು. ನಿಮ್ಮ ಹಳೆಯ ನಿಲುವುಗಳು ಯಾಕೆ ಬದಲಾದವು ಎಂದರೆ, ನನ್ನ ಮೌಲ್ಯಗಳು ಬದಲಾಗಿಲ್ಲ ಎಂದರು ಇನ್ನೊಬ್ಬರು. ಸುಮಾರು 6.7 ಕೋಟಿ ಜನ ನೋಡಿದರು. ಹ್ಯಾರಿಸ್ ಗೆದ್ದರೆಂದು ಅಂದಿನ ಸಮೀಕ್ಷೆಗಳು ಹೇಳಿದವು. ನವೆಂಬರ್ 5ರಂದು ಪೆನ್ಸಿಲ್ವೇನಿಯಾವೂ ದೇಶವೂ ಟ್ರಂಪ್ ಕಡೆ ಹೋದವು. ಯಾರು ಗೆದ್ದರು ಎಂಬ ಆತುರದ ಲೆಕ್ಕ ಎಷ್ಟು ಟೊಳ್ಳು ಎನ್ನಲು ಇದೇ ಸಾಕು.

ಹಾಗೆಂದು ಚರ್ಚೆ ನಿರರ್ಥಕ ಎನ್ನಲಾರೆ. ಅದೇ ವರ್ಷ ಜೂನ್ 27ರ ಅಟ್ಲಾಂಟಾ ಚರ್ಚೆ ಆಗಿನ ಅಧ್ಯಕ್ಷ ಜೋ ಬೈಡನ್ ಅವರ ದಣಿವನ್ನು ದೇಶದ ಎದುರಿಗಿಟ್ಟಿತು, ಜುಲೈ 21ಕ್ಕೆ ಅವರು ಕಣದಿಂದ ಹಿಂದೆ ಸರಿದರು. ಎಷ್ಟು ಜಾಹೀರಾತು ಕೊಟ್ಟರೂ ಮುಚ್ಚಲಾಗದ್ದನ್ನು ಎದುರುಬದುರು ನಿಲ್ಲುವುದು ತೋರಿಸುತ್ತದೆ. 1976ರಲ್ಲಿ ಇದೇ ಫಿಲಡೆಲ್ಫಿಯಾದ ವಾಲ್ನಟ್ ಸ್ಟ್ರೀಟ್ ಥಿಯೇಟರಿನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಮತ್ತು ಎದುರಾಳಿ ಜಿಮ್ಮಿ ಕಾರ್ಟರ್ ನಡುವೆ ಚರ್ಚೆ ನಡೆದಾಗ ಧ್ವನಿ ವ್ಯವಸ್ಥೆ ಕೆಟ್ಟು 27 ನಿಮಿಷ ಪ್ರಸಾರ ಮೂಕವಾಯಿತು. ಅಷ್ಟು ಹೊತ್ತೂ ಇಬ್ಬರೂ ತಮ್ಮ ತಮ್ಮ ಮೇಜಿನ ಹಿಂದೆ ನಿಂತೇ ಇದ್ದರು, ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಆ ಮೌನದಲ್ಲಿ ತಪ್ಪಾಡಿದರೆ ಸೋತಂತೆ ಎಂಬ ಅಂಜಿಕೆ ಇಬ್ಬರಲ್ಲೂ ಇತ್ತೆಂದು ನನಗನಿಸುತ್ತದೆ.

ನನ್ನ ದೊಡ್ಡ ತಕರಾರು ಇರುವುದು ಈ ಅಂಜಿಕೆಯ ಬಗ್ಗೆ. ಚರ್ಚೆಯಲ್ಲಿ ತಡೆದು ಯೋಚಿಸಿದವನು ಸೋತ. ಆದರೆ ಅಧ್ಯಕ್ಷರ ಕುರ್ಚಿಗೆ ಬೇಕಾದದ್ದೇ ತಡೆದು ಯೋಚಿಸುವ ಗುಣ. ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ಬಬಲೇಶ್ವರದ ನೆರೆಯ ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ಭಾರತದ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಡತವನ್ನು ಜನತಾ ಸರಕಾರ ಮುಂದಿಟ್ಟಾಗ ಅವರು ಕೂಡಲೇ ಸಹಿ ಹಾಕಲಿಲ್ಲ, ಹಿಂಜರಿದರು. ಕೊನೆಗೆ ಹಾಕಿದರು. ಆ ಹಿಂಜರಿಕೆ ಸರಿಯೋ ತಪ್ಪೋ ಎಂಬ ವಾದ ಆಗಲೂ ಇತ್ತು. ನನಗೆ ಅದು ಕುರ್ಚಿಯ ಭಾರ ಅರಿತವರ ನಡೆ ಎನಿಸುತ್ತದೆ. ಎರಡು ನಿಮಿಷದ ಗಡಿಯಾರದ ಕೆಳಗೆ ನಿಲ್ಲಿಸಿದ್ದರೆ ಅಂಥ ಮನುಷ್ಯರಿಗೆ ಎಷ್ಟು ಅಂಕ ಸಿಗುತ್ತಿತ್ತು? ನನ್ನ ಕೈಲಾದರೆ ಪ್ರತಿ ಚರ್ಚೆಯಲ್ಲೂ ಒಂದು ಪ್ರಶ್ನೆಗಾದರೂ ಅಭ್ಯರ್ಥಿ ಯೋಚಿಸಿ ಉತ್ತರಿಸಲು ಹತ್ತು ನಿಮಿಷ ಕೊಡಿಸುತ್ತಿದ್ದೆ.

ಭಾರತದಲ್ಲಿ ಇಂಥ ಚರ್ಚೆಯೂ ಇಲ್ಲ. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕುರ್, ಎ.ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಅವರು ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿಯವರನ್ನು ಸಾರ್ವಜನಿಕ ಚರ್ಚೆಗೆ ಆಹ್ವಾನಿಸಿ ಪತ್ರ ಬರೆದರು. ರಾಹುಲ್ ಒಪ್ಪಿದರು, ಚರ್ಚೆ ನಡೆಯಲಿಲ್ಲ.

ದಿಲ್ಲಿಯದು ದೂರದ ಮಾತು, ಬಬಲೇಶ್ವರ ಕ್ಷೇತ್ರವನ್ನೇ ನೋಡಿ. ಹಳೆಯ ಟಿಕೋಟಾ ಕ್ಷೇತ್ರ ಹೋಗಿ 2008ರಲ್ಲಿ ಇದು ಬಂದಿತು. 2018ರಲ್ಲೂ 2023ರಲ್ಲೂ ಎದುರಾದದ್ದು ಅವೇ ಇಬ್ಬರು, ಎಂ.ಬಿ. ಪಾಟೀಲರು ಮತ್ತು ವಿಜುಗೌಡ ಪಾಟೀಲರು. ಇಬ್ಬರನ್ನೂ ಟಿಕೋಟಾದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಪೆಂಡಾಲಿನಲ್ಲಿ ಕೂರಿಸಿ ದ್ರಾಕ್ಷಿ ಬೆಳೆಗಾರರು ಕೇಳುವುದು ಬೇಕಾದಷ್ಟಿದೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆ ಮೇಲೆ ಬಂದದ್ದನ್ನು, ಕೆರೆ ತುಂಬಿದ್ದನ್ನು ಜನ ಕಣ್ಣಾರೆ ಕಂಡಿದ್ದಾರೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಯಾವ ತಿಂಗಳಿಂದ ಯಾವ ತಿಂಗಳವರೆಗೆ? ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು ಕೃಷ್ಣಾ ಜಲವಿವಾದದ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 2010ರಲ್ಲೇ ಒಪ್ಪಿದೆ. ಅದಕ್ಕಾಗಿ ನೀವು ನಿಮ್ಮ ನಿಮ್ಮ ಪಕ್ಷದೊಳಗೆ ಏನು ಮಾಡಿದಿರಿ? ಶೆಡ್ಡಿನಲ್ಲಿ ಒಣಗಿಸಿದ ದ್ರಾಕ್ಷಿಯನ್ನು ಮಾರಲು ಇನ್ನೂ ಮಹಾರಾಷ್ಟ್ರದ ಸಾಂಗಲಿ, ತಾಸಗಾಂವಕ್ಕೆ ಯಾಕೆ ಒಯ್ಯಬೇಕು? ಗೌರವದಿಂದಲೇ ಕೇಳೋಣ. ಒಂದು ಸವಾಲಿಗೆ ಜವಾಬು ಬಂದ ಮೇಲೆಯೇ ಇನ್ನೊಂದು.

ಅಮೆರಿಕದ ಕನ್ನಡ ಸಂಘಗಳವರಿಗೆ ನನ್ನದೊಂದು ಬೇಡಿಕೆ. ಸಮ್ಮೇಳನಗಳಿಗೆ ಮಂತ್ರಿಗಳು, ಶಾಸಕರು, ವಿರೋಧ ಪಕ್ಷದವರು ಬರುತ್ತಾರೆ. ಶಾಲು ಹೊದಿಸುತ್ತೇವೆ, ಭಾಷಣ ಕೇಳುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ. ಮುಂದಿನ ಸಮ್ಮೇಳನದಲ್ಲಿ ಭಾಷಣದ ಹೊತ್ತಿನಲ್ಲಿ ಅರ್ಧವನ್ನು ಪ್ರಶ್ನೆಗೆ ಬಿಡಿ. ಆಳುವ ಪಕ್ಷದವರೊಬ್ಬರು, ವಿರೋಧ ಪಕ್ಷದವರೊಬ್ಬರು ಒಂದೇ ವೇದಿಕೆಯ ಮೇಲಿರಲಿ. ಪ್ರಶ್ನೆಗಳನ್ನು ಊರಿನವರಿಂದ ಮೊದಲೇ ತರಿಸೋಣ. ಟಿಕೋಟಾದಿಂದ ತರಿಸುವ ಹೊಣೆ ನನ್ನದು. ನಿರೂಪಕರಾಗಿ ಹರದೇಶಿ–ನಾಗೇಶಿ ಮೇಳದ ಅನುಭವಿ ಕಲಾವಿದರೊಬ್ಬರನ್ನು ವಿಜಯಪುರದಿಂದ ಕರೆಸೋಣ. ಅವರ ಟಿಕೆಟ್ಟಿಗೆ ಮೊದಲ ದೇಣಿಗೆಯೂ ನನ್ನದೇ.