ಮನೆ ಗೆದ್ದು ಮಾರು ಗೆಲ್ಲು

ಗಾಜಾದ ಹೆಸರು ಬರೆದ ಫಲಕ ಹಿಡಿದು ಊರಿನಲ್ಲಿ ನಾಲ್ಕು ಜನ ನಿಂತರೆ ಸಾಕು, ಅದರಲ್ಲೂ ದೇವರ ಹೆಸರು ಹೇಳಿಕೊಂಡು ನಿಂತರೆ, ಚಿಕ್ಕಪೇಟೆಯ ಗಲ್ಲಾಗಳ ಹಿಂದಿನಿಂದ ಈ ಗಾದೆ ತಪ್ಪದೆ ಹೊರಬೀಳುತ್ತದೆ. ಮೊದಲು ನಿಮ್ಮ ಓಣಿಯ ಚರಂಡಿ ನೋಡಿಕೊಳ್ಳಿ, ಪಶ್ಚಿಮ ಏಷ್ಯಾ ಆಮೇಲಾಯಿತು ಅನ್ನುವುದು ಇಂಗಿತ. ಹೇಳಿದವರಿಗೆ ಸಮಾಧಾನ, ಕೇಳಿದವರು ತಲೆಯಾಡಿಸುತ್ತಾರೆ. ಇಷ್ಟು ಒಳ್ಳೆಯ ಗಾದೆಯನ್ನು ಬಾಯಿ ಮುಚ್ಚಿಸುವುದಕ್ಕೆ ಬಳಸುವುದನ್ನು ನೋಡಿ ನೋಡಿ ಸಾಕಾಗಿದೆ.

ಹಾಗೆ ನೋಡಿದರೆ ವಿದೇಶಾಂಗ ನೀತಿ ಚಿಕ್ಕಪೇಟೆಗೆ ಹೊಸದೇನಲ್ಲ. ಚೀನಾದ ಕಚ್ಚಾ ರೇಷ್ಮೆಯ ಆಮದು ಸುಂಕ ಏರಿತೋ ಇಳಿಯಿತೋ ಎಂಬುದು ಇಲ್ಲಿಯ ಸೀರೆ ವ್ಯಾಪಾರಿಗಳಿಗೆ ಬಾಯಿಪಾಠ. ಸುಂಕ ಇಳಿದರೆ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೈತನ ಮುಖವೂ ಇಳಿಯುತ್ತದೆ, ದೆಹಲಿಗೆ ಮನವಿ ಹೋಗುತ್ತದೆ. ಆಗ ಯಾರೂ ಗಾದೆ ಹೇಳುವುದಿಲ್ಲ. ನೂಲಿನ ಬೆಲೆಗಾಗಿ ಗಡಿಯಾಚೆ ನೋಡಬಹುದು, ಸತ್ತ ಮಕ್ಕಳಿಗಾಗಿ ನೋಡಬಾರದು ಎಂದರೆ ಹೇಗೆ?

ಚಾಲ್ತಿಯಲ್ಲಿರುವ ಅರ್ಥಗಳನ್ನು ಬೇಗ ಮುಗಿಸಿಬಿಡೋಣ. ಸಂಸಾರ ನೆಟ್ಟಗೆ ನಡೆಸಿದವನು ಮಾತ್ರ ಸಮಾಜದ ಕೆಲಸಕ್ಕಿಳಿಯಲಿ ಎನ್ನುವುದು ಒಂದು. ಈ ಲೆಕ್ಕದಲ್ಲಿ ಹೆಂಡತಿ ಮಗುವನ್ನು ಬಿಟ್ಟು ರಾತ್ರೋರಾತ್ರಿ ಹೊರಟ ಸಿದ್ಧಾರ್ಥ ಮೊದಲ ಪರೀಕ್ಷೆಯಲ್ಲೇ ಫೇಲು. ಎರಡನ್ನೂ ಸರಿದೂಗಿಸಿಕೊಂಡು ಹೋಗು ಎನ್ನುವುದು ಇನ್ನೊಂದು. ಸನ್ಮಾನ ಸಮಾರಂಭದ ಭಾಷಣಕ್ಕೆ ಅದು ಚೆನ್ನ. ಮನೆಯನ್ನು ಪೂರಾ ಗೆದ್ದ ಮೇಲೆಯೇ ಹೊಸ್ತಿಲು ದಾಟು ಎನ್ನುವ ಮೂರನೆಯದು ಎಲ್ಲಕ್ಕಿಂತ ಜನಪ್ರಿಯ, ಎಲ್ಲಕ್ಕಿಂತ ಪೊಳ್ಳು. ಪೂರಾ ಗೆದ್ದವರು ಯಾರಿದ್ದಾರೆ?

ನನ್ನ ಮಟ್ಟಿಗೆ ಈ ಗಾದೆ ಯಾರನ್ನೂ ಸರದಿಯಲ್ಲಿ ನಿಲ್ಲಿಸುವುದಿಲ್ಲ. ಹೊರಗೆ ಕಾಲಿಟ್ಟವನ ತಲೆಯ ಮೇಲೆ ಮನೆಯ ಸಾಲ ಹೊರಿಸುತ್ತದೆ. ಹೊರಗಿನ ಅನ್ಯಾಯಕ್ಕೆ ಅನ್ಯಾಯ ಎಂದವನು ಅದೇ ಅನ್ಯಾಯ ಒಳಗೆ ಕಂಡಾಗ ಸುಮ್ಮನಿರುವಂತಿಲ್ಲ. ಯಾವುದು ಮೊದಲು ಎಂಬುದನ್ನು ಕಾಲವೇ ತೀರ್ಮಾನಿಸುತ್ತದೆ, ಎಷ್ಟೋ ಸಲ ತಿರುವುಮುರುವಾಗಿ.

ಸಾಕ್ಷಿ ಈ ಊರಿನಲ್ಲೇ ಇದೆ. ಮಿಲ್ಲರ್ಸ್ ರಸ್ತೆಯ ಕ್ರಿಶ್ಚಿಯನ್ ಇನ್‌ಸ್ಟಿಟ್ಯೂಟ್ ಫಾರ್ ದ ಸ್ಟಡಿ ಆಫ್ ರಿಲಿಜನ್ ಅಂಡ್ ಸೊಸೈಟಿ 1957ರಲ್ಲಿ ಪಿ. ಡಿ. ದೇವನಂದನ್ ಅವರ ಮುಂದಾಳತ್ವದಲ್ಲಿ ಶುರುವಾಯಿತು. 1962ರಲ್ಲಿ ಅವರು ತೀರಿಕೊಂಡ ಮೇಲೆ ಅದನ್ನು ನಡೆಸಿದವರು ಎಂ. ಎಂ. ಥಾಮಸ್. ಕೇರಳದವರು, ಮಾರ್ ತೋಮಾ ಸಭೆಯವರು. ಹರೆಯದಲ್ಲಿ ಪಾದ್ರಿಯಾಗುತ್ತೇನೆ ಎಂದರೆ ಕಮ್ಯುನಿಸಂನ ವಾಸನೆ ಬಡಿದು ಸಭೆ ಒಲ್ಲೆ ಎಂದಿತು, ಕಮ್ಯುನಿಸ್ಟ್ ಪಕ್ಷಕ್ಕೆ ಸೇರುತ್ತೇನೆ ಎಂದರೆ ಭಕ್ತಿಯ ವಾಸನೆ ಬಡಿದು ಪಕ್ಷವೂ ಒಲ್ಲೆ ಎಂದಿತು. ಎರಡೂ ಕಡೆ ಬೇಡವಾದವರ ಮೇಲೆ ನನಗೆ ಮೊದಲಿನಿಂದಲೂ ಒಂದು ನಂಬಿಕೆ.

ಇದೇ ಥಾಮಸ್ 1968ರಿಂದ 1975ರವರೆಗೆ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನ ಕೇಂದ್ರ ಸಮಿತಿಯ ಅಧ್ಯಕ್ಷರಾಗಿದ್ದರು. 1969ರಲ್ಲಿ ಆ ಸಂಸ್ಥೆ ವರ್ಣಭೇದದ ವಿರುದ್ಧ ಒಂದು ಕಾರ್ಯಕ್ರಮ ಹೂಡಿತು. ಮರುವರ್ಷ ದಕ್ಷಿಣ ಆಫ್ರಿಕಾ ಭಾಗದ ವಿಮೋಚನಾ ಚಳವಳಿಗಳೂ ಸೇರಿದಂತೆ 19 ಸಂಘಟನೆಗಳಿಗೆ 2 ಲಕ್ಷ ಡಾಲರ್ ಹಂಚಿತು. ಹಣ ಅನ್ನ, ಔಷಧ, ಶಿಕ್ಷಣದಂಥ ಕೆಲಸಗಳಿಗೆ, ಆದರೆ ಲೆಕ್ಕ ಕೇಳುವುದಿಲ್ಲ ಎಂದಿತು. ಕಾಣಿಕೆ ಡಬ್ಬಿಯ ದುಡ್ಡು ಬಂದೂಕಿಗೆ ಹೋಗುತ್ತಿದೆ ಎಂದು ಯುರೋಪಿನ ಪತ್ರಿಕೆಗಳು ಬೊಬ್ಬೆ ಹೊಡೆದವು. 1972ರಲ್ಲಿ ಉಟ್ರೆಕ್ಟ್‌ನಲ್ಲಿ ಸೇರಿದ ಕೇಂದ್ರ ಸಮಿತಿ ಇನ್ನೂ ಮುಂದೆ ಹೋಗಿ, ಬಿಳಿಯರ ಆಳ್ವಿಕೆಯ ದಕ್ಷಿಣ ಆಫ್ರಿಕಾ ಭಾಗದಲ್ಲಿ ಬಂಡವಾಳ ಹೂಡಿದ ಕಂಪನಿಗಳ ಷೇರುಗಳನ್ನು ಮಾರಿಬಿಡಲು ತೀರ್ಮಾನಿಸಿತು. ಸರ್ಕಾರಗಳು ಆರ್ಥಿಕ ದಿಗ್ಬಂಧನಕ್ಕೆ ಮೀನಮೇಷ ಎಣಿಸುತ್ತಿದ್ದಾಗ ಭಕ್ತರ ಒಂದು ಸಂಸ್ಥೆ ಮಾಡಿದ ಕೆಲಸ ಇದು.

ಮನೆ? ಅದರ ಸರದಿ 1975ರಲ್ಲಿ ಬಂತು, ತುರ್ತುಪರಿಸ್ಥಿತಿಯ ರೂಪದಲ್ಲಿ. ಜೂನ್ 26ರಂದು ಬೆಂಗಳೂರಿನಲ್ಲೇ ಇದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರ ಸೆರೆಯಾಗಿ ಕೇಂದ್ರ ಕಾರಾಗೃಹ ಸೇರಿದರು. ಚರ್ಚಿನ ನಾಯಕರಲ್ಲಿ ಬಹುಮಂದಿ ಮೌನವಾಗಿದ್ದಾಗ ಥಾಮಸ್ ತುರ್ತುಪರಿಸ್ಥಿತಿಯ ವಿರುದ್ಧ ಬರೆದರು. ವಿಚಾರಣೆಯಿಲ್ಲದೆ ಕೂಡಿಹಾಕುವುದು ಪ್ರಿಟೋರಿಯಾದಲ್ಲಿ ತಪ್ಪಾದರೆ ಗಾಂಧಿನಗರದ ಪಕ್ಕದಲ್ಲೂ ತಪ್ಪೇ ತಾನೇ. ಆ ಜೈಲೇ ಇವತ್ತಿನ ಫ್ರೀಡಂ ಪಾರ್ಕು. 2021ರ ಆದೇಶದ ನಂತರ ಊರಿನ ಪ್ರತಿಭಟನೆಗಳೆಲ್ಲ ಅದರ ಗೋಡೆಯೊಳಗೇ ನಡೆಯಬೇಕು; ಇದನ್ನು ಯಾರೂ ವ್ಯಂಗ್ಯಕ್ಕೆಂದು ಯೋಚಿಸಿ ಮಾಡಿದ್ದಲ್ಲ ಎಂದುಕೊಳ್ಳುತ್ತೇನೆ.

ಥಾಮಸ್ ವಿಷಯದಲ್ಲಿ ಹೊರಗಿನ ಜಗಳ ಮೊದಲಾಯಿತು, ಮನೆಯದು ಆಮೇಲೆ. ದೇಶದ್ದೂ ಅದೇ ಕಥೆ. ಭಾರತ ದಕ್ಷಿಣ ಆಫ್ರಿಕಾದೊಂದಿಗೆ ವ್ಯಾಪಾರ ನಿಲ್ಲಿಸಿದ್ದು 1946ರಲ್ಲಿ. ಅಸ್ಪೃಶ್ಯತೆಯನ್ನು ರದ್ದುಪಡಿಸಿದ ಸಂವಿಧಾನ ಜಾರಿಗೆ ಬರಲು ಇನ್ನೂ ಸುಮಾರು ನಾಲ್ಕು ವರ್ಷ ಇತ್ತು. ಗಲ್ಲಾದ ಹಿಂದಿನವರ ಅರ್ಥವನ್ನೇ ಹಿಡಿದಿದ್ದರೆ ನಾವು ಬಾಯಿ ತೆರೆಯುವಂತೆಯೇ ಇರಲಿಲ್ಲ.

ಚರ್ಚಿನವರನ್ನು ಹೊಗಳಿ ಬಿಟ್ಟುಬಿಡಲಾರೆ. ಅದೇ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ 1981ರಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಒಂದು ಭಾಷಣ ಮಾಡಿದರು. ಭಾರತದ ಕ್ರೈಸ್ತರಲ್ಲಿ ಬಹುಪಾಲು ದಲಿತರು, ಅವರ ದೇವಶಾಸ್ತ್ರವೋ ಮೇಲ್ಜಾತಿಯವರದು ಎನ್ನುವ ತಕರಾರು ಅಲ್ಲಿಂದ ಬೆಳೆದು ದಲಿತ ದೇವಶಾಸ್ತ್ರವಾಯಿತು. ಜೊಹಾನ್ಸ್‌ಬರ್ಗಿನಲ್ಲಿ ಬಿಳಿಯರಿಗೊಂದು ಬೆಂಚು, ಕರಿಯರಿಗೊಂದು ಬೆಂಚು ಕೂಡದು ಎಂದವರ ಕೆಲವು ಸಭೆಗಳಲ್ಲೇ ಜಾತಿಗೊಂದು ಸ್ಮಶಾನ ಇತ್ತು, ಕೆಲವೆಡೆ ಈಗಲೂ ಇದೆ. ಈ ಸಾಲ ವಸೂಲಿಗೆ ಬಂದವರು ಹೊರಗಿನವರಲ್ಲ, ಅದೇ ಮನೆಯ ಮಕ್ಕಳು.

2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆ ಜನಾಂಗಭೇದದ ಬಗ್ಗೆ ಸಮ್ಮೇಳನ ನಡೆಸಿದಾಗ ದಲಿತ ಸಂಘಟನೆಗಳು ಜಾತಿಯನ್ನು ಒಯ್ದು ಅಲ್ಲಿಟ್ಟವು. ಭಾರತ ಸರ್ಕಾರ ಮಾತ್ರ ಅದು ನಮ್ಮ ಮನೆಯ ವಿಷಯ ಎಂದು ತಡೆದು ನಿಂತಿತು. ಅಂತಿಮ ಘೋಷಣೆಯಲ್ಲಿ ಜಾತಿಯ ಹೆಸರಿಲ್ಲ. ಅವತ್ತು ಈ ಗಾದೆಯನ್ನು ಹೇಳಬೇಕಾಗಿದ್ದುದು ಆಗ ವಿದೇಶಾಂಗ ಸಚಿವಾಲಯವಿದ್ದ ದೆಹಲಿಯ ಸೌತ್ ಬ್ಲಾಕಿಗೆ.

ಸರ್ಕಾರದ ಮಾತು ಬಂದಾಗ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹೊರದೇಶದ ಹಣ ಪಡೆಯುವ ಸಂಸ್ಥೆಗಳನ್ನು ಹಿಡಿತದಲ್ಲಿಡುವ ವಿದೇಶಿ ದೇಣಿಗೆ ಕಾಯ್ದೆ ಮೊದಲು ಬಂದದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ಕೂಸಾಗಿ. ಅದನ್ನು ಹೆತ್ತವರು ಹೋದರು, ಅವರಿಂದ ಜೈಲಿಗೆ ಹೋಗಿದ್ದವರು ಅಧಿಕಾರಕ್ಕೆ ಬಂದರು, ಕಾಯ್ದೆ ಮಾತ್ರ ಬಿಗಿಯಾಗುತ್ತಲೇ ಬಂತು. 2020ರ ತಿದ್ದುಪಡಿಯ ಪ್ರಕಾರ ಹೊರದೇಶದ ಪ್ರತಿ ದೇಣಿಗೆಯೂ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬಂದು ಬೀಳಬೇಕು. ಪಕ್ಷಗಳ ಗತಿ ಬೇರೆ: ವಿದೇಶಿ ಮೂಲದ ಕಂಪನಿಗಳಿಂದ ಪಡೆದ ಹಣಕ್ಕೆ 2018ರ ಹಣಕಾಸು ಕಾಯ್ದೆ ರಿಯಾಯಿತಿ ಕೊಟ್ಟಿತು, ಅದೂ 1976ರ ಆಗಸ್ಟ್ 5ರಿಂದ ಅನ್ವಯವಾಗುವಂತೆ. ಲೋಕಸಭೆಯಲ್ಲಿ ಅದು ಚರ್ಚೆಯೇ ಇಲ್ಲದೆ ಪಾಸಾಯಿತು.