ಎಂಜಿನ್ನಿಗೆ ಬೇಕಾದ ಫಲ

ಫಲದ ಮೇಲೆ ಆಸೆಯಿಡದೆ ಕೆಲಸ ಮಾಡಬೇಕೆಂಬ ಗೀತೆಯ ಬೋಧೆಗೆ ಒಂದು ಹಳೆಯ ಆಕ್ಷೇಪವಿದೆ. ಫಲವೇ ಬೇಡವಾದವನು ಕೆಲಸವನ್ನು ಚೆನ್ನಾಗಿ ಮಾಡುವುದಾದರೂ ಏತಕ್ಕೆ? ಪ್ರವಚನಗಳಲ್ಲಿ ಇದಕ್ಕೆ ತಾವರೆಯೆಲೆ, ನೀರಹನಿಯ ಉಪಮೆ ಉತ್ತರವಾಗಿ ಬರುತ್ತದೆ. ಕೇಳಲು ಹಿತವಾಗಿರುತ್ತದೆ, ಆದರೆ ಉಪಮೆ ತಪ್ಪಿದರೆ ಯಾರಿಗೂ ಪೆಟ್ಟಾಗುವುದಿಲ್ಲ. ಬೋಧೆಯನ್ನು ಒರೆಗೆ ಹಚ್ಚಬೇಕಾದರೆ ತಪ್ಪಿದಾಗ ಪ್ರಾಣಕ್ಕೇ ಸಂಚಕಾರ ಬರುವಂಥ ಕೆಲಸವೊಂದನ್ನು ಎದುರಿಗಿಟ್ಟುಕೊಳ್ಳುವುದು ಮೇಲು. ಅಮೆರಿಕದಲ್ಲಿ ಸಾವಿರಾರು ಜನ ಮನೆಯ ಗ್ಯಾರೇಜಿನಲ್ಲಿ ತಮ್ಮ ಕೈಯಾರೆ ವಿಮಾನ ಕಟ್ಟಿದ್ದಾರೆ. ಓರೆಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಮಾರುವ ಆರ್‌ವಿ ಕಿಟ್‌ಗಳಿಂದಲೇ 10,000ಕ್ಕೂ ಹೆಚ್ಚು ವಿಮಾನಗಳು ಹಾರಿವೆ. ಅಂಥ ವಿಮಾನದ ಮೂತಿಯ ಕೆಳಗೆ ಎಂಜಿನ್ ಉಸಿರೆಳೆಯುವ ಒಂದು ಬಾಯಿ ಇರುತ್ತದೆ. ಅದನ್ನು ಸರಿಯಾಗಿ ಕೂರಿಸುವ ಕೆಲಸ ಆ ಆಕ್ಷೇಪಕ್ಕೆ ಉಪಮೆಗಿಂತ ಗಟ್ಟಿಯಾದ ಉತ್ತರ ಕೊಡುತ್ತದೆ ಎಂಬುದು ನನ್ನ ವಾದ.

ಕೆಲಸ ಮೇಲ್ನೋಟಕ್ಕೆ ಸಣ್ಣದು. ಲೈಕಮಿಂಗ್ ಓ-360 ಎಂಜಿನ್ನಿನ ತಳದಲ್ಲಿ ಕಾರ್ಬ್ಯುರೇಟರ್ ಇರುತ್ತದೆ. ಅಲ್ಯೂಮಿನಿಯಂ ತಗಡು, ಫೈಬರ್‌ಗ್ಲಾಸ್ ಬೋಗುಣಿ, ನಡುವೆ ಫಿಲ್ಟರ್ ಸೇರಿದ ಏರ್‌ಬಾಕ್ಸನ್ನು ಅದಕ್ಕೆ ಬಿಗಿಯಬೇಕು. ಏರ್‌ಬಾಕ್ಸಿನ ಮೂತಿ ಮುಂದಕ್ಕೆ ಚಾಚಿ, ಕೌಲಿಂಗಿನಲ್ಲಿ, ಅಂದರೆ ಎಂಜಿನ್ನನ್ನು ಮುಚ್ಚುವ ಹೊರಗವಚದಲ್ಲಿ, ಗಾಳಿಗೆಂದು ತೆರೆದಿರುವ ಬಾಯಿಗೆ ನೇರವಾಗಿ ನಿಲ್ಲಬೇಕು. ತೊಡಕೆಲ್ಲ ಇಲ್ಲೇ ಇದೆ. ಏರ್‌ಬಾಕ್ಸ್ ಎಂಜಿನ್ನಿನ ಕಡೆಯದು, ಕೌಲಿಂಗ್ ವಿಮಾನದ ಒಡಲಿನ ಕಡೆಯದು. ರಬ್ಬರ್ ಮೌಂಟುಗಳ ಮೇಲೆ ಕೂತ ಎಂಜಿನ್ ಶುರುವಾಗುವಾಗಲೂ ನಿಲ್ಲುವಾಗಲೂ ಮೈಕೊಡವುವ ಎತ್ತಿನಂತೆ ಅಲುಗುತ್ತದೆ, ಕೌಲಿಂಗ್ ಅದರ ಜೊತೆ ಅಲುಗುವುದಿಲ್ಲ. ಎರಡನ್ನೂ ಅಂಟಿಸಿಬಿಟ್ಟರೆ ಎಲ್ಲಾದರೊಂದು ಕಡೆ ಬಿರುಕು ಕಟ್ಟಿಟ್ಟ ಬುತ್ತಿ. ಬರಿದೇ ಸಂದು ಬಿಟ್ಟರೆ ಎದುರುಗಾಳಿ ಅತ್ತಿತ್ತ ಸೋರುತ್ತದೆ, ಕೌಲಿಂಗಿನೊಳಗಿನ ಬಿಸಿಗಾಳಿ ಕಾರ್ಬ್ಯುರೇಟರಿನ ದಾರಿ ಹಿಡಿಯುತ್ತದೆ. ಒಳಗೆಳೆಯುವ ಗಾಳಿ ಸುಮಾರು 6 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶಕ್ತಿಯಲ್ಲಿ ನೂರಕ್ಕೊಂದು ಪಾಲಿನಷ್ಟು ಖೋತಾ. ಲಾಭದ ಕಡೆಗೂ ಮಿತಿಯಿದೆ: ಗಂಟೆಗೆ 320 ಕಿ.ಮೀ. ವೇಗದಲ್ಲಿ ಎದುರುಗಾಳಿಯನ್ನು ಪೂರ್ತಿ ತಡೆದು ಒಳಗೊತ್ತಿದರೂ ಸಿಗುವ ಹೆಚ್ಚುವರಿ ಒತ್ತಡ ಸಮುದ್ರಮಟ್ಟದ ವಾಯುಒತ್ತಡದ ನೂರಕ್ಕೆ 5 ಪಾಲನ್ನು ಮುಟ್ಟುವುದಿಲ್ಲ. ಹಾಗಾಗಿ ಸಂದನ್ನು ಅಳೆದು ಬಿಟ್ಟು, ಅದಕ್ಕೆ ಬಾಗುವ ರಬ್ಬರ್ ಪಟ್ಟಿಯ ತಡೆ ಕೊಡುತ್ತಾರೆ. ಇಷ್ಟಕ್ಕೇ ಮುಗಿಯಲಿಲ್ಲ. ವರ್ಷಗಳು ಕಳೆದಂತೆ ಮೌಂಟಿನ ರಬ್ಬರ್ ತಗ್ಗಿ ಎಂಜಿನ್ ಕೆಳಗಿಳಿಯುತ್ತದೆ. ಅದನ್ನು ಬಲ್ಲವರು ಪ್ರೊಪೆಲ್ಲರಿನ ನಡುವಿನ ಶಂಕುವಿನಾಕಾರದ ಮುಚ್ಚಳ, ಅಂದರೆ ಸ್ಪಿನ್ನರ್, ಕೌಲಿಂಗಿಗಿಂತ ಒಂದೆರಡು ಮಿಲಿಮೀಟರ್ ಮೇಲಿರುವಂತೆ ಮೊದಲೇ ಕೂರಿಸುತ್ತಾರೆ. ಇವತ್ತು ಸ್ವಲ್ಪ ತಪ್ಪಾಗಿ ಕಂಡರೇ ನಾಳೆಗೆ ಅದು ಸರಿ. ಫಿಲ್ಟರ್ ದಾಟಿದ ಮೇಲಿನ ಜಾಗದಲ್ಲಿ ಒಂದು ಸ್ಕ್ರೂ ಸಡಿಲವಾಗಿ ಬಿದ್ದರಂತೂ ಅದನ್ನು ತಡೆಯುವವರು ಯಾರೂ ಇಲ್ಲ. ಗಾಳಿ ಎಳೆದತ್ತ, ಎಂಜಿನ್ನಿನ ಹೊಟ್ಟೆಗೇ ಅದರ ದಾರಿ.

ಈಗ ಕಟ್ಟುವವನ ಮನಸ್ಸನ್ನು ನೋಡೋಣ. ಫೈಬರ್‌ಗ್ಲಾಸ್ ಕೆಲಸ ದಿನಗಟ್ಟಲೆ ಹಿಡಿಯುತ್ತದೆ: ರಾಳ ಹಚ್ಚು, ಬಟ್ಟೆ ಹಾಸು, ಒಣಗಲು ಬಿಡು, ಉಜ್ಜು, ಮತ್ತೆ ಹಚ್ಚು. ಕೊನೆಗೆ ಸಂದಿನಲ್ಲಿ ಮೆತ್ತನೆಯ ಜೇಡಿಯನ್ನಿಟ್ಟು, ಕೌಲಿಂಗ್ ಮುಚ್ಚಿ, ತೆಗೆದು ನೋಡಿದಾಗ ಒಂದು ಮೂಲೆಯಲ್ಲಿ ಜೇಡಿ ಕಾಗದದಷ್ಟು ತೆಳ್ಳಗಾಗಿದೆ ಎನ್ನಿ. ಉಜ್ಜಿ ಉಜ್ಜಿ ಕನ್ನಡಿ ಮಾಡಿದ ಆ ಮೂತಿಯನ್ನು ಈಗ ಗರಗಸದಿಂದ ಕತ್ತರಿಸಬೇಕು. ಕೈ ಹಿಂಜರಿಯುತ್ತದೆ. ಹಿಂಜರಿಕೆಗೆ ಕಾರಣ ಕೆಲಸದ ಬಗ್ಗೆ ಉದಾಸೀನವೇ? ಖಂಡಿತ ಅಲ್ಲ. ಅದಕ್ಕೆ ತೀರಾ ವಿರುದ್ಧವಾದದ್ದು: ಸುರಿಸಿದ ಬೆವರಿನ ಮೇಲಿನ ಮಮತೆ, ನೋಡಿದವರು ಹೊಗಳಲಿ ಎಂಬ ಬಯಕೆ, ಜುಲೈ ಕೊನೆಯ ಆಷ್‌ಕಾಷ್ ವಿಮಾನಮೇಳಕ್ಕೆ ಹಾರಿಕೊಂಡೇ ಹೋಗಬೇಕೆಂಬ ತವಕ. ಈ ಮೂರೂ ಸೇರಿ ಕಣ್ಣಿಗೆ ಮೋಸ ಮಾಡುತ್ತವೆ. 3 ಮಿಲಿಮೀಟರ್ ಸಂದು 6ರಂತೆ ಕಾಣಲು ಶುರುವಾಗುತ್ತದೆ. ಎರಡು ಭಾಗಗಳು ಉಜ್ಜಿಕೊಂಡಲ್ಲಿ ಉಳಿಯುವ ಗೆರೆಯನ್ನು ಯಂತ್ರಗಳ ಜೊತೆ ಬದುಕುವವರು ಸಾಕ್ಷಿಗುರುತು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ವೇದಾಂತಿಗಳ ಸಾಕ್ಷಿಗೂ ಇದಕ್ಕೂ ನೆಂಟಸ್ತಿಕೆ ಹಚ್ಚುವ ಚಪಲ ನನಗಿಲ್ಲ. ಆದರೆ ಸಾಕ್ಷಿ ಎದುರಿಗಿದ್ದರೂ ಅದನ್ನು ನೋಡಲು ಒಲ್ಲದ ಕಣ್ಣು ಆಸೆಯ ಕಣ್ಣೇ ಎಂಬುದು ಇಲ್ಲಿ ಬರಿಯ ನೀತಿಮಾತಾಗಿ ಉಳಿಯದೆ ಅಳತೆಗೆ ಸಿಗುವ ಸಂಗತಿಯಾಗುತ್ತದೆ.

ಹಾಗಾದರೆ ಇಲ್ಲಿ ಎರಡು ಬಗೆಯ ಫಲಗಳು ಕಲಸಿಹೋಗಿವೆ. ಬಿಡಿಸಲು ಯಜ್ಞವಿಧಿಗಳನ್ನು ವಿಚಾರಿಸುವ ಶಾಸ್ತ್ರವಾದ ಪೂರ್ವಮೀಮಾಂಸೆಯ ಒಂದು ವಿವೇಕ ನೆರವಿಗೆ ಬರುತ್ತದೆ. ಜೈಮಿನಿಯ ಸೂತ್ರಗಳ 4ನೆಯ ಅಧ್ಯಾಯ ಯಜ್ಞಕ್ಕಾಗಿ ಬೇಕಾದದ್ದನ್ನು ಕ್ರತ್ವರ್ಥವೆಂದೂ ಯಜ್ಞ ಮಾಡುವ ಮನುಷ್ಯನಿಗಾಗಿ ಬೇಕಾದದ್ದನ್ನು ಪುರುಷಾರ್ಥವೆಂದೂ ಬೇರ್ಪಡಿಸುತ್ತದೆ. ಎಂಜಿನ್ನಿಗೆ ತಣ್ಣನೆಯ, ಧೂಳಿಲ್ಲದ, ತಡೆಯಿಲ್ಲದ ಗಾಳಿ ಸಿಗಬೇಕೆಂಬುದು ಕೆಲಸದ್ದೇ ಆದ ಫಲ. ಅದು ಕ್ರತ್ವರ್ಥದ ಸಾಲಿಗೆ ಸೇರಿದ್ದು. ಅದನ್ನು ಬಿಟ್ಟರೆ ಕೆಲಸವೇ ಉಳಿಯುವುದಿಲ್ಲ. ಹೊಗಳಿಕೆ, ಮೇಳ, ಮುಗಿಸಿದೆನೆಂಬ ಬೀಗು, ಇವು ಮಾಡುವವನಿಗೆ ಸಲ್ಲುವ ಫಲ. ಗೀತೆ ಈ ಪಾರಿಭಾಷಿಕ ಪದಗಳಲ್ಲಿ ಮಾತಾಡುವುದಿಲ್ಲ, ಹೊಂದಿಸುತ್ತಿರುವವನು ನಾನು. ಆದರೂ ಬಿಡಬೇಕೆಂದು ಅದು ಹೇಳುವ ಫಲ ಎರಡನೆಯ ಬಗೆಯದೆಂದು ನಂಬಲು ಅದರ 18ನೆಯ ಅಧ್ಯಾಯದಲ್ಲೇ ಆಧಾರವಿದೆ. ಮುಂದೇನಾಗುವುದೆಂದು, ಏನು ನಷ್ಟವೆಂದು, ಯಾರಿಗೆ ನೋವೆಂದು, ತನಗೆ ಅಷ್ಟು ಕಸುವಿದೆಯೇ ಎಂದು ನೋಡದೆ ಕೈಹಾಕುವ ಕೆಲಸವನ್ನು ಅಲ್ಲಿ ತಾಮಸವೆಂದು ಕರೆದಿದೆ. ಪರಿಣಾಮದ ಲೆಕ್ಕ ಹಾಕದವನಿಗೆ ನಿಷ್ಕಾಮಿಯ ಪಟ್ಟ ಗೀತೆಯಲ್ಲೇ ಇಲ್ಲ.

ಆದರೆ ಈ ಉದಾಹರಣೆಯೇ ನನಗೆ ತಿರುಗುಬಾಣವಾಗಬಹುದು. ಅಮೆರಿಕದ ವಿಮಾನಯಾನ ನಿಯಮ ಈ ವರ್ಗದ ವಿಮಾನಕ್ಕೆ ವಿಚಿತ್ರವಾದ ಷರತ್ತು ಹಾಕುತ್ತದೆ: ವಿಮಾನದ ಹೆಚ್ಚಿನ ಪಾಲನ್ನು ಕಟ್ಟಿದವರು ಆ ಕೆಲಸವನ್ನು ತಮ್ಮ ಕಲಿಕೆಗೆ ಅಥವಾ ಮನೋಲ್ಲಾಸಕ್ಕೆ ಮಾತ್ರ ಕೈಗೊಂಡಿರಬೇಕು. ಕಾನೂನು ಮನುಷ್ಯನ ಉದ್ದೇಶಕ್ಕೆ ಕೈಹಾಕುವ ಅಪರೂಪದ ಜಾಗವಿದು. ಹಣದ ಆಸೆಯನ್ನು ಹೊರಗಿಟ್ಟಿತು ನಿಜ, ಉಲ್ಲಾಸವೂ ಫಲವೇ ಅಲ್ಲವೇ? ಹೌದು. ಆದರೆ ಕಲಿಕೆಯೂ ಸರಿಗೂಡಿಸುವ ಸಂತೋಷವೂ ಸರಿಗೂಡಿಸುವಾಗಲೇ ದಕ್ಕುವಂಥವು. ಅವುಗಳಿಗಾಗಿ ಸಂದಿನ ಅಳತೆಯಲ್ಲಿ ಮೋಸ ಮಾಡಬೇಕಾದ ಪ್ರಮೇಯ ಬರುವುದಿಲ್ಲ. ಮೇಳದ ದಿನಾಂಕಕ್ಕಾಗಿ ಬರುತ್ತದೆ. ಇದಕ್ಕಿಂತ ಬಿರುಸಾದ ಆಕ್ಷೇಪ ಇನ್ನೊಂದಿದೆ. ಆ ವಿಮಾನದಲ್ಲಿ ಮೊದಲು ಕೂರುವವನು ಸಾಮಾನ್ಯವಾಗಿ ಕಟ್ಟಿದವನೇ. ಪರೀಕ್ಷಾ ಹಾರಾಟದ ಹಂತ, ಸಾಮಾನ್ಯವಾಗಿ 25 ಅಥವಾ 40 ಗಂಟೆ, ಮುಗಿಯುವತನಕ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ತನ್ನ ಜೀವದ ಭಯವೇ ಅವನ ಕೈಯನ್ನು ಚುರುಕಾಗಿಡುತ್ತದೆ, ನಿಷ್ಕಾಮದ ಮಾತೆಲ್ಲ ಅಲಂಕಾರ ಎನ್ನಬಹುದು. ಇದಕ್ಕೂ ಮೀಮಾಂಸಕರು ಮೊಸರಿನ ಉದಾಹರಣೆಯಲ್ಲಿ ಉತ್ತರ ಕೊಟ್ಟಿದ್ದಾರೆ. ಹೋಮದ ದ್ರವ್ಯವಾಗಿ ವಿಧಿಸಿದ ಮೊಸರನ್ನೇ ಬೇರೊಂದು ವಾಕ್ಯ ಇಂದ್ರಿಯಬಲ ಬಯಸುವವನಿಗೂ ಹೇಳುತ್ತದೆ. ವಸ್ತು ಒಂದೇ, ಸಂಬಂಧ ಎರಡು. ಹಾಗೆಯೇ ಅಳೆದು ಬಿಟ್ಟ ಸಂದು ಎಂಜಿನ್ನಿಗೂ ಸಲ್ಲಲಿ, ಪೈಲಟ್ಟಿನ ಜೀವಕ್ಕೂ ಸಲ್ಲಲಿ, ಅಡ್ಡಿಯಿಲ್ಲ. ಎರಡೂ ಒಂದೇ ಕಡೆ ಎಳೆಯುವತನಕ ಯಾವುದು ಕೈಯನ್ನು ನಡೆಸಿತೆಂದು ಹೇಳುವುದು ಕಷ್ಟ. ಜೀವಭಯ ಬಲವಾದದ್ದೇ, ಆದರೆ ತವಕದ ಮುಂದೆ ಅದು ಎಷ್ಟು ಬೇಗ ಮಂಕಾಗುತ್ತದೆಂಬುದು ಹೆಲ್ಮೆಟ್ಟನ್ನು ಕೈಗೆ ಸಿಕ್ಕಿಸಿಕೊಂಡು ಬೈಕ್ ಓಡಿಸುವವರನ್ನು ದಿನವೂ ಕಾಣುವ ನಮಗೆ ಹೊಸದಲ್ಲ.

ಕೂಲಿಗಾಗಿ ದುಡಿಯುವ ಮೆಕ್ಯಾನಿಕ್ಕನ ಕೆಲಸ ಹಾಗಾದರೆ ಕೀಳೇ? ಅಲ್ಲವೇ ಅಲ್ಲ. 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದಳು. ಆ ದಿನದ ಅಕ್ಕಿಯೇ ಬೇಡವೆನ್ನಲಿಲ್ಲ. ಕಾಯಕಕ್ಕೆ ಸಲ್ಲುವ ಕೂಲಿ ಕೆಲಸವನ್ನು ಕೆಡಿಸುವುದಿಲ್ಲ, ಮಿಕ್ಕಿ ಬಯಸಿದ್ದು ಕೆಡಿಸುತ್ತದೆ.

ಕೆಲಸದ ಫಲವನ್ನು ಮಾಡುವವನ ಫಲದಿಂದ ಬೇರ್ಪಡಿಸುವ ಈ ವಿವೇಕ ಅಮೆರಿಕದ ನಿಯಮದಲ್ಲೂ ಅರಿವಿಲ್ಲದೆ ಬಂದು ಕೂತಿದೆ. ಮನೆಯಲ್ಲಿ ಕಟ್ಟಿದ ವಿಮಾನವನ್ನು 12 ತಿಂಗಳಿಗೊಮ್ಮೆ ತಪಾಸಣೆ ಮಾಡಿಸಬೇಕು; ಕೌಲಿಂಗ್ ಕಳಚಿ, ಏರ್‌ಬಾಕ್ಸಿನ ತಗಡಿನಲ್ಲಿ ಬಿರುಕಿದೆಯೇ, ಮೂತಿಯಲ್ಲಿ ಉಜ್ಜಿದ ಗೆರೆಯಿದೆಯೇ ಎಂದು ಟಾರ್ಚ್ ಬಿಟ್ಟು ನೋಡಬೇಕು. ಕಟ್ಟಿದವನು ಅರ್ಜಿ ಹಾಕಿ ಪ್ರಮಾಣಪತ್ರ ಪಡೆದರೆ ತಾನೇ ನೋಡಿ ಸಹಿ ಹಾಕಬಹುದು. ವಿಮಾನ ಮಾರಿದರೆ ಆ ಪತ್ರ ಕೊಂಡವನ ಪಾಲಾಗುವುದಿಲ್ಲ. ಹೊಸ ಮಾಲೀಕ ಪರವಾನಗಿಯುಳ್ಳ ಮೆಕ್ಯಾನಿಕ್ಕನನ್ನು ಕರೆಯಬಹುದು, ಇಲ್ಲವೇ ಕಟ್ಟಿದವನನ್ನೇ ಕರೆಯಬಹುದು. ಹಾಗೆ ಕರೆಸಿಕೊಂಡವನು ತನ್ನದಲ್ಲದ, ತಾನು ಹಾರಿಸದ ವಿಮಾನದ ಕೆಳಗೆ ಅಂಗಾತ ಮಲಗಿ ತಾನೇ ಒಮ್ಮೆ ಬಿಟ್ಟ ಸಂದನ್ನು ಮತ್ತೆ ಅಳೆಯುತ್ತಾನೆ.