ಸೋರುವ ಇಂಜೆಕ್ಟರು ಕರ್ತೃವೇ?

ಕಳಸದ ಅಂಬುತೀರ್ಥದಲ್ಲಿ ಭದ್ರೆಯ ಬಳಿಯ ಹೆಬ್ಬಂಡೆಯನ್ನು ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರು ಎಂದು ಅಲ್ಲಿನ ಶಾಸನ ಹೇಳುತ್ತದೆ. ಎತ್ತಿದ್ದು ಅವರೋ, ಎತ್ತಿಸಿದ್ದು ಹರಿಯೋ? ನನ್ನ ಗ್ಯಾರೇಜಿಗೆ ಜಿಪ್ಸಿ ತರುವ ಭಟ್ಟರ ಪ್ರಕಾರ ಎರಡೂ ಹೌದು: ಜೀವ ಕರ್ತೃವೇ, ಸ್ವತಂತ್ರ ಕರ್ತೃವಲ್ಲ. ಇದೇ ಜಿಲ್ಲೆಯ ಶೃಂಗೇರಿ ಇದನ್ನು ಒಪ್ಪುವುದಿಲ್ಲ. ಬ್ರಹ್ಮಸೂತ್ರದಲ್ಲಿ ಬರುವ ಬಡಗಿ, ಶಂಕರರ ಓದಿನಲ್ಲಿ, ಉಳಿ ಹಿಡಿದಾಗ ಮಾತ್ರ ಕರ್ತೃ; ಕೆಳಗಿಟ್ಟರೆ ನೆಮ್ಮದಿಯ ಮನುಷ್ಯ. ಸ್ಪ್ಯಾನರು ಹಿಡಿದೇ ಬದುಕುವ ನನಗೆ ಆ ಮಾತು ಇಷ್ಟ. ಆದರೆ ನಾನು ಭಟ್ಟರ ಪಕ್ಷ, ಕಾರಣ ಎಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು.

ಪೆಟ್ರೋಲು ಅದರ ಬೆನ್ನಿಗೆ ಸುಮಾರು 3 ಬಾರ್ ಒತ್ತಡದಲ್ಲಿ ಕಾದಿರುತ್ತದೆ. ಇಗ್ನಿಷನ್ ಆನ್ ಆದ ಮೇಲೆ ಅದರೊಳಗಿನ ಕಾಯಿಲಿನ ಒಂದು ತುದಿಗೆ ಬ್ಯಾಟರಿಯ ಕರೆಂಟೂ ಬಂದಿರುತ್ತದೆ. ಎಂಜಿನ್ನಿನ ಕಂಪ್ಯೂಟರು, ಅಂದರೆ ಇಸಿಎಂ, ಮಾಡುವುದು ಇನ್ನೊಂದು ತುದಿಗೆ ಅರ್ಥ್ ಕೊಡುವುದಷ್ಟೆ. ಕಾಯಿಲು ಅಯಸ್ಕಾಂತವಾಗಿ ಸೂಜಿಯನ್ನು ಎಳೆದುಕೊಳ್ಳುತ್ತದೆ, ಪೆಟ್ರೋಲು ಮಂಜಿನಂತೆ ಚಿಮ್ಮುತ್ತದೆ, ಅರ್ಥ್ ತಪ್ಪಿದೊಡನೆ ಸ್ಪ್ರಿಂಗು ಬಾಯಿ ಮುಚ್ಚಿಸುತ್ತದೆ. ಐಡ್ಲಿಂಗಿನಲ್ಲಿ ಇಷ್ಟಕ್ಕೆಲ್ಲ ಎರಡು ಮೂರು ಮಿಲಿಸೆಕೆಂಡು. ಶಕ್ತಿ ಇಂಜೆಕ್ಟರಿನದಲ್ಲ, ಅಪ್ಪಣೆಯೂ ಅದರದಲ್ಲ. ಹಾಗಾದರೆ ಅದು ಮಾಡಿದ್ದೇನು?

ಎಲ್ಲ ಸರಿಯಿದ್ದಾಗ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಒಂದು ಇಂಜೆಕ್ಟರು ಸೋರಲಿ, ನೋಡಿ. ಅಪ್ಪಣೆಯಿಲ್ಲದೆಯೇ ತೊಟ್ಟಿಕ್ಕುತ್ತದೆ. ಸೈಲೆನ್ಸರಿನ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರಿಗೆ ತಲುಪುವುದು ನಾಲ್ಕೂ ಸಿಲಿಂಡರಿನ ಹೊಗೆ ಒಟ್ಟಾಗಿ. ಆಮ್ಲಜನಕ ಕಡಿಮೆ ಕಂಡದ್ದರಿಂದ ಇಸಿಎಂ ಪೆಟ್ರೋಲು ಹೆಚ್ಚಾಯಿತೆಂದು ತಿಳಿದು ನಾಲ್ಕಕ್ಕೂ ಕಡಿತ ಮಾಡುತ್ತದೆ. ತಪ್ಪಿಲ್ಲದ ಮೂರು ಸಿಲಿಂಡರುಗಳು ಅರೆಹೊಟ್ಟೆಯಲ್ಲಿ ಓಡುತ್ತವೆ. ಮೂಡಿಗೆರೆಯಿಂದ ಕಳಸಕ್ಕೆ ಬರುವ ಏರಿನಲ್ಲಿ ಗಾಡಿ ಎಳೆಯುವುದಿಲ್ಲ ಎಂದು ತೋಟದವರು ಬೈಯುವುದು ಆಮೇಲೆ.

ಮಾಡಿದ್ದು ಒಬ್ಬ, ಉಂಡದ್ದು ಎಲ್ಲರೂ. ಕರ್ಮದ ಲೆಕ್ಕ ಹೀಗೆ ನಡೆಯುವುದಿಲ್ಲವೆಂದು ಭಟ್ಟರು ತಕರಾರು ತೆಗೆದರು. ಸರಿಯೇ, ಇಸಿಎಂ ಸರ್ವಜ್ಞನಲ್ಲ, ಅದಕ್ಕೆ ಕಾಣುವುದು ಬೆರೆತ ಹೊಗೆ. ದೇವರಿಗೂ ಅಷ್ಟೇ ಕಾಣುವುದಾದರೆ ಕಷ್ಟ! ಆದರೆ ನನ್ನ ವಾದಕ್ಕೆ ಇಷ್ಟು ಸಾಕು: ನಾನು ಬಿಚ್ಚುವುದು ಇಸಿಎಂ ಅನ್ನಲ್ಲ, ಆ ಒಂದು ಇಂಜೆಕ್ಟರನ್ನು. ವಿಧಿನಿಷೇಧ ಹೇಳಿಸಿಕೊಳ್ಳಬೇಕಾದರೆ ಜೀವ ಕರ್ತೃವಾಗಿರಲೇಬೇಕು ಎಂದಲ್ಲವೇ ಶಾಸ್ತ್ರವೂ ಹೇಳುವುದು?

“ಸೋರುವ ಸ್ವಭಾವ ಕೊಟ್ಟವರ್ಯಾರು ಮಾರಾಯ?” ಎಂದರು ಭಟ್ಟರು.

“ಸ್ವಭಾವ ಅಲ್ಲ ಭಟ್ರೇ, ಸೂಜಿ ಕೂರುವ ಜಾಗದಲ್ಲಿ ಕಸ. ತೊಳೆದರೆ ಹೋಗುತ್ತದೆ, ಸವೆದಿದ್ದರೆ ಮಾತ್ರ ಹೊಸದು ಹಾಕಬೇಕು.”